ದೊಡ್ಡ ಟೀಚರ್ ಅವರ ವೋಟು

ನಮ್ಮೂರಿನ ಶಾಲೆ ಒಂದು ಕಡೆ ನಿಲ್ಲುವುದಿಲ್ಲ. ಊರು ಮಲಗಿದ ಮೇಲೆ ಅದು ತಾನಿದ್ದ ಜಾಗ ಬಿಟ್ಟು ಹೊರಡುತ್ತದೆ; ಬೆಳಗ್ಗೆ ಎದ್ದು ನೋಡಿದರೆ ಇನ್ನೊಂದು ಕೇರಿಯಲ್ಲಿ, ಒಂದು ಹೆಂಚೂ ಜರುಗದ ಹಾಗೆ, ಹಿಂದಿನಿಂದಲೂ ಅಲ್ಲೇ ಇದ್ದೆನೆಂಬಂತೆ ನಿಂತಿರುತ್ತದೆ. ಅದು ಹೋಗುವುದನ್ನು ಕಂಡವರಿಲ್ಲ. ಕಂಡೇ ತೀರಬೇಕೆಂದು ಹಟ ಹಿಡಿದು ಕೂತವರಿಗೆಲ್ಲ ನಿದ್ದೆ ಬಂದಿದೆ. ಹೊರಗಿನವರು ಕೇಳಿದರೆ ಹೌಹಾರುತ್ತಾರೆ. ನಮಗೆ ಮಾತ್ರ ಅದು ಬಾಗಿಲು ತೆರೆದು ಮೋಡ ನೋಡಿದಷ್ಟೇ ಸಹಜ. ಹಾಲಿನವನು ಪಾತ್ರೆಗೆ ಹಾಲು ಹೊಯ್ಯುತ್ತಾ "ಇವತ್ತು ಕಂಬಾರಗೇರಿ" ಎಂದು ಹೇಳಿಹೋಗುತ್ತಾನೆ. ಪ್ರತಿ ಕೇರಿಯಲ್ಲೂ ಶಾಲೆ ಕೂರುವಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಅಲ್ಲಿ ಯಾರೂ ಸೌದೆ ಒಟ್ಟುವುದಿಲ್ಲ, ಗಾಡಿ ನಿಲ್ಲಿಸುವುದಿಲ್ಲ. ಚಪ್ಪರ ಹಾಕುವವರು ಮದುವೆ ಮನೆಯವರನ್ನು ಮೊದಲು ಕೇಳುವುದೇ "ಶಾಲೆ ಬಂದ್ರೆ ಏನ್ಮಾಡೋದು?" ಎಂದು. ಒಂದು ಸಲ ಬಂದೇಬಿಟ್ಟಿತ್ತು. ಮೂರನೇ ಕ್ಲಾಸಿನ ಮಕ್ಕಳು ಕಿಟಕಿಯಿಂದಲೇ ಧಾರೆ ನೋಡಿ, ಅಕ್ಷತೆ ಹಾಕಿ, ಮೊದಲನೇ ಪಂಕ್ತಿಗೇ ಊಟಕ್ಕೆ ಕೂತರು. ಯಾರಿಗೂ ಬೇಸರವಾಗಲಿಲ್ಲ. ಶಾಲೆ ನಿಂತ ಕೇರಿಯವರೇ ಆ ದಿನ ಮಕ್ಕಳಿಗೆ ಊಟ ಹಾಕುವುದು ನಮ್ಮಲ್ಲಿ ರೂಢಿ.

ಮಂದಾಕಿನಿ ಟೀಚರ್ ಈ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರಿಗೆಲ್ಲ ಅವರು ದೊಡ್ಡ ಟೀಚರ್. ನಾನು ಅವರ ಕೈಕೆಳಗೆ ಗಣಿತ ಹೇಳಿಕೊಡುತ್ತಿದ್ದೆ. ಅವರ ಎರಡೂ ಮೊಣಕಾಲು ಸವೆದಿದ್ದವು, ಏರು ಹತ್ತುವಾಗ ಕೊಡೆಯನ್ನೇ ಊರುಗೋಲು ಮಾಡಿಕೊಳ್ಳುತ್ತಿದ್ದರು. ಆದರೂ ಮಕ್ಕಳಿಗಿಂತ ಮೊದಲು ಶಾಲೆ ಸೇರದ ದಿನವನ್ನು ನಾನು ಕಾಣೆ. ಅದು ಹೇಗೆ ಎಂದು ಕೇಳಿದರೆ, "ಮೊದಲು ಉಪ್ಪಿನ ಕೇರಿ ಕಡೆ ಹೋಗಿಬಿಡ್ತೀನಿ ಮೇಷ್ಟ್ರೇ. ದೂರದ್ದನ್ನ ಮೊದಲೇ ನೋಡಿಬಿಟ್ರೆ ಆಮೇಲಿನದೆಲ್ಲ ಹತ್ತಿರವೇ" ಎನ್ನುತ್ತಿದ್ದರು.

ಆ ವರ್ಷ ರಾಜ್ಯಪಾಲರ ಚುನಾವಣೆ ಬಂತು. ನಮ್ಮ ಕಡೆ ರಾಜ್ಯಪಾಲರನ್ನು ಜನರೇ ವೋಟು ಹಾಕಿ ಆರಿಸುವುದು. ಯಾವಾಗಲೂ ಸೇತುವೆ, ಬಂದರು ಎಂದು ಭಾಷಣ ಮಾಡುತ್ತಿದ್ದವರು ಆ ಸಲ ಶಾಲೆಗಳ ಮಾತು ಎತ್ತಿದರು. ಕಣದಲ್ಲಿ ಇಬ್ಬರೇ. ಒಬ್ಬರು ತ್ರಿವಿಕ್ರಮ ರಾಯರು, ದೊಡ್ಡ ದೊಡ್ಡ ಸೇತುವೆ ಕಟ್ಟಿಸಿದ ಇಂಜಿನಿಯರು, ಮಿತಭಾಷಿ. ಇನ್ನೊಬ್ಬರು ಜುಲೇಖಾ ಬಾನು. ಹೆರಿಗೆ ಆಸ್ಪತ್ರೆ ನಡೆಸಿಕೊಂಡು ಬಂದ ಡಾಕ್ಟರು, ಯಾರ ಮನೆಯ ಅಡುಗೆಮನೆಗೂ ನೇರವಾಗಿ ಹೋಗಿ ಕೂರಬಲ್ಲವರು. ಇಬ್ಬರ ಮೇಲೂ ಕಳಂಕವಿರಲಿಲ್ಲ. ಅದೇ ನಮಗೆ ಕಷ್ಟವಾದದ್ದು. ಒಬ್ಬರು ಕೆಟ್ಟವರಾಗಿದ್ದರೆ ಆರಿಸುವುದು ಸುಲಭವಾಗುತ್ತಿತ್ತು.

ನಮ್ಮ ಶಾಲೆಗೆ ರಾಯರು ಹಾಕಿದ ಯೋಜನೆ ಹೀಗಿತ್ತು: ಊರ ನಡುವಿನ ಗುಡ್ಡದ ಬಂಡೆಗೆ ಕಬ್ಬಿಣದ ಸರಪಳಿ ಬಿಗಿದು ಶಾಲೆಯನ್ನು ಅಲ್ಲೇ ನಿಲ್ಲಿಸುವುದು. ಮೇಲೆ ಮಹಡಿ ಎಬ್ಬಿಸಿ, ಪ್ರಯೋಗಶಾಲೆ, ಪುಸ್ತಕದ ಕೋಣೆ ಮಾಡಿ, ಹತ್ತನೇ ತರಗತಿಯವರೆಗೆ ಪಾಠ. ನಮ್ಮಲ್ಲಿ ಏಳನೆಯದಕ್ಕೇ ಓದು ಮುಗಿಯುತ್ತಿತ್ತು. ದಿನಕ್ಕೊಂದು ವಿಳಾಸವಿರುವ ಕಟ್ಟಡಕ್ಕೆ ಪ್ರೌಢಶಾಲೆ ಮಂಜೂರಾಗುವುದಿಲ್ಲ ಎಂದು ಸರ್ಕಾರದವರು ಹಿಂದೆಯೇ ಹೇಳಿದ್ದರು. ಹೆಂಚು ಜರುಗದಿದ್ದರೂ, ಒಳಗೆ ಗಾಜಿನ ಸಾಮಾನು ತಂದಿಟ್ಟರೆ ಬೆಳಗಾಗುವಷ್ಟರಲ್ಲಿ ಪುಡಿ. ಇನ್ನೊಂದು ಶಾಲೆ ಕಟ್ಟೋಣವೆಂದರೆ ಒಂದೂರಿಗೆ ಒಂದೇ ಶಾಲೆ ಎಂಬುದು ರಾಜ್ಯದ ಕಾನೂನು.

ಬಾನು ಅವರ ಯೋಜನೆಯಲ್ಲಿ ಶಾಲೆ ಹೇಗಿದೆಯೋ ಹಾಗೇ ಓಡಾಡಿಕೊಂಡಿರುತ್ತದೆ. ಪ್ರತಿ ಕೇರಿಯಲ್ಲೂ ಅದಕ್ಕೊಂದು ಗಟ್ಟಿ ಜಗಲಿ, ನೀರಿನ ನಲ್ಲಿ, ಹೆಚ್ಚು ಮಂದಿ ಶಿಕ್ಷಕರು. ಏಳನೇ ತರಗತಿ ಮುಗಿಸಿದವರಿಗೆ ರಾಜಧಾನಿಯ ಹಾಸ್ಟೆಲಿನಲ್ಲಿ ಜಾಗ.

ಎರಡನ್ನೂ ಓದಿದ ಊರಿನವರು ತಲೆ ಕೆರೆದುಕೊಂಡರು. ಕೊನೆಗೊಂದು ದಿನ ಶಾಲೆ ಬಿಡುವ ಹೊತ್ತಿಗೆ ನಾಲ್ಕಾರು ಹಿರಿಯರು ಬಂದು ದೊಡ್ಡ ಟೀಚರ್ ಮುಂದೆ ನಿಂತರು.

"ನೀವೇ ಓದಿ, ಎರಡರಲ್ಲಿ ಯಾವ್ದು ಮೇಲು ಅಂತ ಹೇಳ್ಬಿಡಿ ಟೀಚರ್. ನೀವು ಹೇಳಿದವರಿಗೇ ಊರಿನ ವೋಟು."

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಓದಿ ಹೇಳ್ತೀನಿ. ಆದ್ರೆ ಮನೇಲಿ ಕೂತು ಓದಿದ್ರೆ ಗೊತ್ತಾಗಲ್ಲ. ಸ್ವಲ್ಪ ಸಮಯ ಕೊಡಿ."

ಎಲ್ಲರೂ ನಗುತ್ತಾ ಹೋದರು. ಟೀಚರ್ ಅವರ ಮೊಣಕಾಲು ನೋಡಿದ ಯಾರಿಗಾದರೂ ಉತ್ತರ ಗೊತ್ತಿತ್ತು: ರಾಯರು. ನನಗೂ ಗೊತ್ತಿತ್ತು. ನಾನಂತೂ ರಾಯರ ಕಡೆಯೇ. ಒಂದು ದಿನವಾದರೂ ಹಿಂದಿನ ಸಂಜೆ ಬಿಟ್ಟುಹೋದ ಜಾಗಕ್ಕೇ ಮರುದಿನ ಹೋಗಿ ಪಾಠ ಮಾಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು.

ಟೀಚರ್ ಮಾಡಿದ್ದು ಇಷ್ಟು. ಸಂಜೆಯಾದರೆ ಕೊಡೆ ಹಿಡಿದು ಮನೆಮನೆಗೆ ಹೊರಟರು. ನಾನು ಜೊತೆಗೆ. ಒಂದೊಂದು ಮನೆಯಲ್ಲೂ ಒಂದೇ ಪ್ರಶ್ನೆ: "ಶಾಲೆ ಗುಡ್ಡದ ಮೇಲೆ ನಿಂತ್ರೆ ನಿಮ್ಮನೇಲಿ ಯಾರು ಬರ್ತಾರೆ, ಯಾರು ಬಿಡ್ತಾರೆ? ಈಗಿನ ಹಾಗೇ ಇದ್ರೆ ಯಾರು ಓದ್ತಾರೆ, ಯಾರು ಬಿಡ್ತಾರೆ?" ಜನ ಯೋಚಿಸಿ ಹೇಳುತ್ತಿದ್ದರು. ಟೀಚರ್ ಕೇಳಿಸಿಕೊಳ್ಳುತ್ತಿದ್ದರು, ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ಕೊಟ್ಟ ಮಜ್ಜಿಗೆ ಕುಡಿದು ಮುಂದಿನ ಮನೆ.

ಉಪ್ಪಿನ ಕೇರಿಯಲ್ಲಿ ತಿಪ್ಪಮ್ಮನ ಗುಡಿಸಲು. ತಿಪ್ಪಮ್ಮ ಉಪ್ಪಿನ ಮಡಿಗಳಲ್ಲಿ ಉಪ್ಪು ಗೋರುವ ಹೆಂಗಸು, ಮೊಮ್ಮಕ್ಕಳನ್ನು ಕಂಡವಳು. ಶಾಲೆ ತನ್ನ ಕೇರಿಗೆ ಬಂದ ದಿನ ಮಾತ್ರ ಗೋರುಮಣೆ ಬದಿಗಿಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮದುವೆಯಾಗಿ ಆ ಕೇರಿಗೆ ಬಂದಾಗ ಒಂದನೇ ತರಗತಿಗೆ ಸೇರಿದವಳು ಹೀಗೇ ಬಿಡಿಬಿಡಿ ದಿನಗಳಲ್ಲಿ ಓದಿ ಈಗ ಐದನೆಯದಕ್ಕೆ ಬಂದಿದ್ದಳು. ಅವಳ ಜೊತೆ ಸೇರಿದವರ ಮಕ್ಕಳೂ ಶಾಲೆ ಮುಗಿಸಿದ್ದರು. ಅದರ ಬಗ್ಗೆ ಅವಳಿಗೆ ನಾಚಿಕೆಯೂ ಇರಲಿಲ್ಲ, ಅವಸರವೂ ಇರಲಿಲ್ಲ.

"ಗುಡ್ಡದ್ ಮ್ಯಾಲೆ ಕಟ್ಟಾಕಿದ್ರೆ ನಾನು ಬರಾಕಾಗಾಕಿಲ್ಲ ಟೀಚರಮ್ಮ" ಎಂದಳು ತಿಪ್ಪಮ್ಮ. "ಹೋಗಿ ಬರಾದ್ರಾಗೆ ಬಿಸ್ಲು ಇಳ್ದೋಯ್ತದೆ, ಉಪ್ಪು ಯಾರು ಗೋರ್ತಾರೆ? ಅದೇ ಬಾಗ್ಲಿಗೆ ಬಂದ್ರೆ, ಕೈ ತೊಳ್ಕೊಂಡು ಬಂದು ಕುಂತ್ಕೋತೀನಿ. ನನ್ನ ಕತೆ ಬುಡಿ, ಈ ಕೇರಿ ಐಕ್ಳೂ ಅಷ್ಟೇಯ. ಬಾಗ್ಲಿಗೆ ಬಂದದ್ದಕ್ಕೇ ಓದಿದ್ವು."



ಮರುದಿನ ದರ್ಜಿ ವಿಠೋಬನ ಅಂಗಡಿ. ಅವನ ಮಗಳು ಕಲಾವತಿ ನಾನು ಕಲಿಸಿದವರಲ್ಲೆಲ್ಲ ಚುರುಕು. ಏಳನೇ ತರಗತಿ ಮುಗಿದು ವರ್ಷವಾಗಿತ್ತು. ಅಪ್ಪನ ಪಕ್ಕ ಕೂತು ಗುಂಡಿ ಹಾಕುತ್ತಿದ್ದಳು. ತಾಯಿಯಿಲ್ಲದ ಹುಡುಗಿ. ಶಾಲೆಗೆ ಬರುತ್ತಿದ್ದಷ್ಟು ದಿನವೂ ವಿಠೋಬ ಬೆಳಗ್ಗೆ ಅವಳ ಕೈ ಹಿಡಿದುಕೊಂಡು ಕೇರಿಯಿಂದ ಕೇರಿಗೆ ಅಲೆದು, ಶಾಲೆ ಸಿಕ್ಕ ಮೇಲೆ ಒಳಗೆ ಕಳಿಸಿ, ಅವಳು ಬೆಂಚಿನಲ್ಲಿ ಕೂತದ್ದು ನೋಡಿಯೇ ಅಂಗಡಿಗೆ ಹೋಗುತ್ತಿದ್ದ.

"ಹಾಸ್ಟೆಲಿಗೆ ಕಳಿಸ್ತೀಯೇನಪ್ಪಾ?" ಟೀಚರ್ ಕೇಳಿದರು.

"ಅದೊಂದು ಕೇಳ್ಬೇಡಿ ಟೀಚರ್. ಎಲ್ಲೋ ದೂರದೂರು, ಯಾರೋ ಏನೋ. ನನಗಿರೋಳು ಇವಳೊಬ್ಬಳು."

ಕಲಾವತಿ ತಲೆಯೆತ್ತದೆ ದಾರ ಕಚ್ಚಿ ತುಂಡು ಮಾಡಿದಳು. "ಇಲ್ಲೇ ಎಂಟನೇ ಕ್ಲಾಸಿದ್ರೆ ನಾನು ಬರ್ತಿದ್ದೆ ಟೀಚರ್. ಪ್ರಯೋಗ ಮಾಡೋ ಗಾಜಿನ ನಳಿಕೆ ಹೇಗಿರುತ್ತೆ ಅಂತ ಪುಸ್ತಕದಲ್ಲಿ ಚಿತ್ರ ನೋಡಿದೀನಿ ಅಷ್ಟೇ."

ಟೀಚರ್ ಏನು ಹೇಳುತ್ತಾರೆಂದು ಕೇಳಲು, ಅಭ್ಯರ್ಥಿಗಳನ್ನೂ ಕರೆಸಿ ಊರಿನವರು ಇಟ್ಟ ಸಭೆಯ ದಿನ ಬಂತು. ಶಾಲೆ ಎಲ್ಲಿ ನಿಂತಿರುತ್ತದೋ ಅದರ ಮುಂದೆಯೇ ಸಭೆ ಎಂದು ಮಾತಾಗಿತ್ತು. ಅವತ್ತು ಅದು ಮೀನು ಮಾರ್ಕೆಟ್ಟಿನ ಪಕ್ಕ ನಿಂತಿತ್ತು. ಇಬ್ಬರು ಅಭ್ಯರ್ಥಿಗಳೂ ಊರೆಲ್ಲ ಸುತ್ತಿ ಹುಡುಕಿಕೊಂಡೇ ಬಂದರು. ರಾಯರ ಬಿಳಿ ಪಂಚೆಯ ಅಂಚಿಗೆ ಕೆಸರು ಹತ್ತಿತ್ತು. ಬಾನು ಅವರು ಮೀನಿನ ಬುಟ್ಟಿಗಳ ನಡುವೆ ಸೆರಗು ಎತ್ತಿ ಹಿಡಿದು, ಅವರಿವರನ್ನು ಮಾತಾಡಿಸುತ್ತಾ ಬಂದರು. ಊರಿಗೆ ಊರೇ ನೆರೆದಿತ್ತು.

ಮಂದಾಕಿನಿ ಟೀಚರ್ ಶಾಲೆಯ ಮೆಟ್ಟಿಲ ಮೇಲೆ ನಿಂತು ಕೊಡೆ ಮಡಚಿದರು. ಭಾಷಣ ಮಾಡಿ ಅಭ್ಯಾಸವಿಲ್ಲದವರು. ಕ್ಲಾಸಿನಲ್ಲಿ ಮಾತಾಡಿದ ಹಾಗೇ ಮಾತಾಡಿದರು.

"ಎರಡು ಯೋಜನೆಯನ್ನೂ ಓದಿದೆ. ಎರಡೂ ಬರೆದವರು ತಿಳಿದವರು. ರಾಯರ ಯೋಜನೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಎಲ್ಲ ಇದೆ, ಆದ್ರೆ ತಿಪ್ಪಮ್ಮ ಇಲ್ಲ. ಬಾನು ಅವರ ಯೋಜನೆಯಲ್ಲಿ ಎಲ್ಲ ಕೇರಿಗಳೂ ಇವೆ, ಆದ್ರೆ ಕಲಾವತಿ ಇಲ್ಲ. ಇಬ್ಬರೂ ಇಲ್ಲೇ ಇದಾರೆ. ಉತ್ತರ ನನಗೆ ಕೊಡಬೇಡಿ, ಇವರಿಗೆ ಕೊಡಿ."

ತಿಪ್ಪಮ್ಮನನ್ನೂ ಕಲಾವತಿಯನ್ನೂ ಮುಂದೆ ಕರೆದು ಮೆಟ್ಟಿಲ ಮೇಲೆ ಕೂರಿಸಿದರು.

ರಾಯರು ಮೊದಲು ಎದ್ದರು. "ನಿಮಗೆ ಅಂತ ಸಂಜೆ ಪಾಠ ಇಡಿಸ್ತೀನಮ್ಮ. ಕೆಲಸ ಮುಗಿಸಿ ಬರಬಹುದು."

"ಕತ್ಲಾದ್ರೆ ಅಕ್ಸರ ಕಾಣಾಕಿಲ್ಲ ಸೋಮಿ" ಎಂದಳು ತಿಪ್ಪಮ್ಮ ಸಮಾಧಾನದಿಂದಲೇ. "ಬಿಸ್ಲಲ್ಲಿ ಉಪ್ಪು ನೋಡಿ ನೋಡಿ ಕಣ್ಣು ಹಿಂಗಾಗವೆ. ನಮ್ ಕೇರಿಯೋರ್ದೆಲ್ಲ ಹಿಂಗೇಯ."

ಬೇರೆ ಯಾರಾಗಿದ್ದರೂ ದೀಪ ಹಾಕಿಸ್ತೀನಿ, ಕನ್ನಡಕ ಕೊಡಿಸ್ತೀನಿ ಎಂದು ಏನಾದರೂ ಅಂದುಬಿಡುತ್ತಿದ್ದರು. ರಾಯರು "ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲಮ್ಮ" ಎಂದು ಕೂತರು.

ಬಾನು ಅವರು ಕಲಾವತಿಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಹಾಸ್ಟೆಲಿನ ಬಗ್ಗೆ ಹೇಳಿದರು, ಅಲ್ಲಿನ ಮೇಲ್ವಿಚಾರಕಿ ತಮ್ಮ ಸ್ವಂತ ತಂಗಿಯಂಥವಳು ಎಂದರು. ಕಲಾವತಿ ಗುಂಪಿನ ಕಡೆ ನೋಡಿದಳು. ಅಲ್ಲಿ ವಿಠೋಬ ಕೈಕಟ್ಟಿ ನಿಂತು ತಲೆಯಾಡಿಸಿದ, ಆಗದು ಎಂದು. ಬಾನು ಅವರು ಅವನನ್ನು ಒಪ್ಪಿಸಲು ಹೋಗಲಿಲ್ಲ. ಅವನ ಮುಖ ಓದಿಕೊಂಡರು ಎಂದು ಕಾಣುತ್ತದೆ.

"ನಿನ್ನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ ಮಗಳೇ" ಎಂದರು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಹುಡುಗಿಯ ವಿಷಯದಲ್ಲಿ ರಾಯರ ಯೋಜನೆ ನನ್ನದಕ್ಕಿಂತ ಚೆನ್ನಾಗಿದೆ. ನಾನು ಗೆದ್ರೆ ಒಂದೂರಿಗೆ ಒಂದೇ ಶಾಲೆ ಅನ್ನೋ ಕಾನೂನನ್ನೇ ತೆಗೆಸ್ತೀನಿ. ಈ ಶಾಲೆ ಹೀಗೇ ಇರಲಿ. ಗುಡ್ಡದ ಮೇಲೆ ರಾಯರು ಹೇಳಿದಂಥದ್ದನ್ನೇ ಬೇರೆ ಕಟ್ಟಿಸ್ತೀನಿ."

ಚಪ್ಪಾಳೆಯೋ ಚಪ್ಪಾಳೆ. ಅದು ಇಳಿಯುವವರೆಗೆ ಕಾದು ಟೀಚರ್ ರಾಯರನ್ನು ಕೇಳಿದರು, "ನೀವೂ ಅದನ್ನೇ ಮಾಡ್ತೀರಾ ರಾಯರೇ?"

ಹೂಂ ಎಂದಿದ್ದರೆ ಸಾಕಿತ್ತು. ರಾಯರ ಕಡೆಯವರು ಹಿಂದಿನಿಂದ ಅವರ ಅಂಗಿ ಜಗ್ಗುತ್ತಿದ್ದರು. "ಆ ಕಾನೂನು ರಾಜ್ಯಪಾಲರ ಕೈಯಲ್ಲಿಲ್ಲ ಟೀಚರ್, ಶಾಸನಸಭೆ ಒಪ್ಪಬೇಕು" ಎಂದರು ರಾಯರು. "ಒಪ್ಪುತ್ತೆ ಅಂತ ನನಗೆ ನಂಬಿಕೆ ಇಲ್ಲ. ನನ್ನ ಕೈಲಾಗೋದು ಸರಪಳಿ ಮತ್ತು ಮಹಡಿ. ಅಷ್ಟೇ ಹೇಳಬಲ್ಲೆ."

ಜನ ಗೊಣಗಿದರು. ಯಾರೋ ಹಿಂದಿನಿಂದ ಕೂಗಿದರು, "ಟೀಚರ್, ಹಾಗಾದ್ರೆ ಯಾರಿಗೆ ಹಾಕೋಣ? ನೀವು ಹೇಳ್ತೀನಿ ಅಂದಿದ್ರಿ!"

"ಹೇಳಿದೆನಲ್ಲ" ಎಂದರು ಟೀಚರ್. "ಯಾರ ಯೋಜನೆಯಲ್ಲಿ ಯಾರು ಇಲ್ಲ ಅಂತ ಹೇಳಿದೆ. ಯಾರ ಮಾತು ನಡೆಯುತ್ತೆ ಅಂತ ಊಹೆ ಮಾಡೋದು ನಿಮ್ಮ ಕೆಲಸ. ನನ್ನ ಮೊಣಕಾಲು ರಾಯರಿಗೆ ಹಾಕು ಅಂತ ದಿನಾ ಹೇಳ್ತಿದೆ. ಮೊಣಕಾಲಿನ ಮಾತು ಕೇಳೋರು ಬೇರೆಯವರಿಗೆ ಬುದ್ಧಿ ಹೇಳಬಾರದು."

ಗೊಳ್ಳೆಂದು ನಗು. ಆದರೆ ಆ ಸಭೆಯಿಂದ ಎದ್ದುಹೋದ ಜನ ಮೊದಲಿನ ಹಾಗಿರಲಿಲ್ಲ. ಚುನಾವಣೆಯವರೆಗೂ ಕ್ಷೌರದಂಗಡಿಯಲ್ಲಿ, ನಲ್ಲಿಯ ಹತ್ತಿರ, ದೋಣಿಯಲ್ಲಿ ಎಲ್ಲ ಕಡೆ ಅದೇ ಚರ್ಚೆ: ಶಾಸನಸಭೆ ಒಪ್ಪುತ್ತದೋ ಇಲ್ಲವೋ, ಒಪ್ಪದಿದ್ದರೆ ತಿಪ್ಪಮ್ಮನನ್ನು ಬಿಡುವುದೋ, ಕಲಾವತಿಯನ್ನು ಬಿಡುವುದೋ. ಗಂಡ ಹೆಂಡಿರು ಮಾತು ಬಿಟ್ಟರು, ಮತ್ತೆ ಕೂಡಿದರು. ನಮ್ಮೂರಿನವರು ಅಷ್ಟು ಚೆನ್ನಾಗಿ ಜಗಳವಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನಾನೂ ರಾಯರನ್ನು ಬಿಟ್ಟು ಬಾನು ಅವರಿಗೆ ಹಾಕಿದೆ. ತಿಪ್ಪಮ್ಮ ಹಿಂದಿನ ಬೆಂಚಿನಲ್ಲಿ ಕೂತು ಭಿನ್ನರಾಶಿ ಮಾಡುವುದನ್ನು ಕಂಡ ಮೇಲೆ ಸರಪಳಿಗೆ ಕೈ ಏಳಲಿಲ್ಲ.

ಬಾನು ಅವರು ಗೆದ್ದರು. ಶಾಸನಸಭೆಯಲ್ಲಿ ಆ ಕಾನೂನು ತೆಗೆಸಲು ಅವರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬರುತ್ತಿತ್ತು. ಮಸೂದೆ ಎರಡು ಸಲ ಬಿದ್ದುಹೋಯಿತು. ಎರಡನೇ ಸಲ ಬಿದ್ದ ಸುದ್ದಿ ಬಂದ ದಿನ ಕಲಾವತಿ ಗುಂಡಿಯ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಿದಳಂತೆ. ಆಮೇಲೆ ಅಂತೂ ಇಂತೂ ಪಾಸಾಯಿತು. ಬಾನು ಅವರು ಮಾಡಿದ ಮೊದಲ ಕೆಲಸ, ಗುಡ್ಡದ ಶಾಲೆಯ ನಕ್ಷೆ ಹಾಕಿಕೊಡಬೇಕೆಂದು ರಾಯರಿಗೆ ಹೇಳಿಕಳಿಸಿದ್ದು. ರಾಯರು ಆಗುವುದಿಲ್ಲ ಎಂದುಬಿಟ್ಟರು.

ಅದನ್ನು ಕೇಳಿದ ಟೀಚರ್ ನನ್ನನ್ನು ಕರೆದುಕೊಂಡು ದೋಣಿ ಹತ್ತಿ ಅವರ ಊರಿಗೆ ಹೊರಟರು. ರಾಯರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಸೊರಗಿದ್ದರು. ಕಾಫಿ ತರಿಸಿದರು. ಆದರೆ ಮಾತು ಬಿಗಿಯಾಗಿತ್ತು.

"ಜನ ಬೇಡ ಅಂದ ಮೇಲೆ ನನ್ನದೇನಿದೆ ಟೀಚರ್? ನಿಮ್ಮ ಊರೇ ನನ್ನನ್ನ ಸೋಲಿಸ್ತು. ಅವತ್ತು ನೀವು ಆ ಪ್ರಶ್ನೆ ಕೇಳದಿದ್ರೆ..."

"ನಾನು ನಿಮಗೇ ವೋಟು ಹಾಕಿದ್ದು ರಾಯರೇ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ರಾಯರೂ ತಲೆಯೆತ್ತಿದರು.

"ಬಾನು ಅವರು ಮನಸ್ಸಿಟ್ಟು ಹೇಳಿದ್ರು, ಆದ್ರೆ ಅವರ ಕೈಲಾಗುತ್ತೆ ಅಂತ ನನಗೆ ಅನ್ನಿಸಲಿಲ್ಲ" ಎಂದರು ಟೀಚರ್. "ನೀವು ಹೇಳಿದ್ದು ಕಮ್ಮಿ. ಅಷ್ಟಾದರೂ ಆಗೇ ಆಗುತ್ತೆ ಅಂತ ಗೊತ್ತಿತ್ತು. ಕಲಾವತಿ ಓದ್ತಾಳೆ, ಶಾಲೆ ಬಿಟ್ಟ ಮೇಲೆ ಬೆಳಕಿರುವಾಗ ಉಪ್ಪಿನ ಕೇರಿಗೆ ನಾನೇ ದಿನಾ ಹೋಗಿ ಹೇಳಿಕೊಡೋಣ ಅಂತ ಲೆಕ್ಕ ಹಾಕಿದ್ದೆ. ನನ್ನ ಲೆಕ್ಕ ತಪ್ಪಾಯ್ತು. ತಪ್ಪಾದದ್ದು ಎಷ್ಟು ಒಳ್ಳೇದಾಯ್ತು ನೋಡಿ. ಈಗ ನಿಮ್ಮ ಮಹಡಿ ಬೇಕು, ನಮಗೆ ಕಟ್ಟೋಕೆ ಬರಲ್ಲ."

ಶಾಲೆ ಹುಡುಕುವ ಅಲೆದಾಟ ತಪ್ಪಿದ ಮೇಲೂ ಆ ಮೊಣಕಾಲಿನಲ್ಲಿ ದಿನಾ ಉಪ್ಪಿನ ಕೇರಿಗೆ! ನಾನು ಅವರ ಮುಖವನ್ನೇ ನೋಡಿದೆ. ಅವರು ಅದನ್ನು ನಾಳೆ ಸಂತೆಗೆ ಹೋಗುತ್ತೇನೆ ಎಂದ ಹಾಗೆ ಹೇಳಿದ್ದರು. ಸಭೆಯಲ್ಲಿ ಈ ಮಾತು ಹೇಳಿದ್ದರೆ ಊರಿನ ವೋಟೆಲ್ಲ ಅವರು ತೋರಿಸಿದ ಕಡೆ ಹೋಗುತ್ತಿತ್ತು. ಹೋಗುತ್ತದೆ ಎಂದು ಗೊತ್ತಿದ್ದರಿಂದಲೇ ಹೇಳಿರಲಿಲ್ಲ.

ರಾಯರು ಲೋಟ ಕೆಳಗಿಟ್ಟರು. "ಗುಡ್ಡದ ಮಣ್ಣು ಎಂಥದ್ದು? ಅಗೆಸಿ ನೋಡಿದೀರಾ?" ಎಂದರು. ಟೀಚರ್ ನಕ್ಕರು. ನಾವು ದೋಣಿ ಹತ್ತುವಾಗ ಅವರೂ ಪೆಟ್ಟಿಗೆ ಹಿಡಿದು ಜೊತೆಗೆ ಬಂದರು.

ಕಟ್ಟಡ ಏಳುವಷ್ಟು ಕಾಲವೂ ರಾಯರು ನಮ್ಮೂರಲ್ಲೇ ಇದ್ದರು. ಪಾಯಕ್ಕೆ ಬಂಡೆಯನ್ನು ಕೊರೆಸಿ ಕಬ್ಬಿಣ ಇಳಿಸಿದರು. ಬೆಳಗ್ಗೆ ಎಲ್ಲರೂ ಹಳೆಯ ಶಾಲೆ ಹುಡುಕಿಕೊಂಡು ಹೊರಟರೆ ಅವರು ಗುಡ್ಡ ಹತ್ತಿ ಹಿಂದಿನ ದಿನ ಇಟ್ಟ ಇಟ್ಟಿಗೆ ಅಲ್ಲೇ ಇದೆಯೋ ಎಂದು ನೋಡುತ್ತಿದ್ದರು. ಗೋಡೆ, ಕಿಟಕಿ, ಮಹಡಿ ಎಲ್ಲ ಆಯಿತು. ಪ್ರಯೋಗಶಾಲೆಯ ಗಾಜಿನ ಸಾಮಾನು ಹುಲ್ಲಿನಲ್ಲಿ ಸುತ್ತಿಕೊಂಡು ಬಂತು, ಒಂದೂ ಒಡೆಯಲಿಲ್ಲ.

ಎಂಟನೇ ತರಗತಿ ಶುರುವಾದ ದಿನ ಟೀಚರ್ ಬೆಳಗ್ಗೆ ಕೇರಿಯ ಶಾಲೆಯಲ್ಲಿ ಪ್ರಾರ್ಥನೆ ಮಾಡಿಸಿ, ಆಮೇಲೆ ನಿಧಾನವಾಗಿ ಗುಡ್ಡ ಹತ್ತಿ ಬಂದರು. ಬಾನು ಅವರು ರಾಜಧಾನಿಯಿಂದ ಹೊರಟಿದ್ದಾರೆಂದು ಸುದ್ದಿ ಬಂದಿತ್ತು, ಇನ್ನೂ ತಲುಪಿರಲಿಲ್ಲ. ಅವರಿಗಾಗಿ ಕಾಯುವುದು ಬೇಡ, ಪಾಠ ಶುರುವಾಗಲಿ ಎಂದು ಟೀಚರ್ ಗಂಟೆ ಹೊಡೆಸಿದರು. ನಾನೂ ರಾಯರೂ ಗೇಟಿನ ಹತ್ತಿರ ನಿಂತಿದ್ದೆವು.

ವಿಠೋಬ ಮಗಳ ಕೈ ಹಿಡಿದುಕೊಂಡು ಬಂದ. ಜೊತೆಯವರಿಗಿಂತ ಕಲಾವತಿ ವಯಸ್ಸಿನಲ್ಲಿ ದೊಡ್ಡವಳು, ಎತ್ತರವೂ ಹೆಚ್ಚು. ತಾನೇ ಹೊಲಿದುಕೊಂಡ ಹೊಸ ಲಂಗ ತೊಟ್ಟಿದ್ದಳು. ಗೇಟು ದಾಟಿದವಳು ಅಪ್ಪನ ಕೈ ಬಿಡಿಸಿಕೊಂಡು ಬಿರಬಿರನೆ ಮೆಟ್ಟಿಲು ಹತ್ತಿದಳು. ವಿಠೋಬ ಅಲ್ಲೇ ನಿಂತು ಕಟ್ಟಡವನ್ನು ಮೇಲಿನಿಂದ ಕೆಳಗೆ ನೋಡಿದ. ಗೋಡೆಯನ್ನು ಅಂಗೈಯಿಂದ ಒತ್ತಿ ನೋಡಿದ.

"ನಾಳೆಯೂ ಇಲ್ಲೇ ಇರುತ್ತಾ ರಾಯರೇ?"

"ಇಲ್ಲೇ ಇರುತ್ತಪ್ಪ."

"ನಾಡಿದ್ದು?"

"ನಾಡಿದ್ದೂ ಇಲ್ಲೇ."

ವಿಠೋಬ ಕೈಯ ಸುಣ್ಣವನ್ನು ಪಂಚೆಗೆ ಒರೆಸಿಕೊಂಡ. ಮೇಲಿನ ಕಿಟಕಿಯ ಕಡೆ ಇನ್ನೊಮ್ಮೆ ನೋಡಿ ಹೇಳಿದ: "ಹಾಗಾದ್ರೆ ನಾಳೆಯಿಂದ ಅವಳೊಬ್ಬಳೇ ಬರ್ತಾಳೆ."